ಜೈಸಲ್ಮೇರ್ ಹವೇಲಿಯಲ್ಲಿ ಉಳಿಯುವ ಮುನ್ನ ಬಚ್ಚಲ ನೀರಿನ ಬಗ್ಗೆ ಕೇಳಿ

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ರಾಜಸ್ಥಾನದ ಜೈಸಲ್ಮೇರ್‌ಗೆ ಹೊರಟಿದ್ದೇವೆ. ನಾವಿಬ್ಬರು, ಇಬ್ಬರು ಮಕ್ಕಳು, 70 ದಾಟಿದ ಅತ್ತೆ ಮಾವ. ಜೊತೆಗೆ ನನ್ನ ತಂಗಿ ಮತ್ತು ಅಮೆರಿಕದವರಾದ ಅವಳ ಗಂಡ. ಹೋಟೆಲ್ ಬೇಡ, ಒಂದು ಕುಟುಂಬ ನಡೆಸುವ ಹಳೇ ಹವೇಲಿಯಲ್ಲಿ (ಹಳೇ ಕಾಲದ ದೊಡ್ಡ ಮನೆಯಲ್ಲಿ), ಅದೂ ಕೋಟೆಯ ಒಳಗೇ 3 ರಾತ್ರಿ ಇರಬೇಕು ಅಂತ ಆಸೆ. ಆದರೆ ಕೋಟೆಯೊಳಗೆ ಉಳಿದರೆ ಕೋಟೆಗೇ ಕೇಡು ಎಂದು ಕೆಲವರು ಹೇಳುತ್ತಾರೆ. ನಿಜವೇ? ಒಳ್ಳೆಯ ಮನೆ ಗುರುತಿಸುವುದು ಹೇಗೆ? ಬೇರೆಯವರ ಮನೆಯಲ್ಲಿ ನಾವು ಹೇಗಿರಬೇಕು? (ದಾವಣಗೆರೆಯ ಓದುಗರೊಬ್ಬರು)

ಉತ್ತರ: ಮೊದಲು ನನ್ನ ಸಲಹೆ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕೋಟೆಯ ಕೆಳಗಿನ ಹಳೇ ಊರಿನಲ್ಲಿ, ಮನೆಯವರೇ ವಾಸವಿರುವ ಒಂದು ಹವೇಲಿಯಲ್ಲಿ ಉಳಿಯಿರಿ. ಹಗಲು ಕೋಟೆಯಲ್ಲಿ ಕಳೆಯಿರಿ. ಅಲ್ಲೇ ಊಟ ಮಾಡಿ, ಅಲ್ಲಿನ ಅಂಗಡಿಗಳಲ್ಲೇ ಕೊಳ್ಳಿ. ಸ್ನಾನ, ಬಟ್ಟೆ ಒಗೆಯುವುದು ಮಾತ್ರ ಕೆಳಗೆ ಇರಲಿ. ಹೀಗೆ ಮಾಡಿದರೆ ನಿಮ್ಮ ದುಡ್ಡು ಕೋಟೆಯ ಜನಕ್ಕೂ ಸೇರುತ್ತದೆ, ನಿಮ್ಮ ಬಚ್ಚಲ ನೀರು ಕೋಟೆಯ ಗುಡ್ಡದೊಳಗೆ ಇಳಿಯುವುದೂ ಇಲ್ಲ.

ಈ ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೆಲಸ ಹಳೇ ಕಲ್ಲಿನ ಮನೆಗಳ ದುರಸ್ತಿ. ಹಳೇ ಕಟ್ಟಡಕ್ಕೆ ವಯಸ್ಸಿಗಿಂತ ನೀರೇ ದೊಡ್ಡ ಶತ್ರು ಎನ್ನುವುದು ಈ ಕೆಲಸದಲ್ಲಿ ದಿನವೂ ಕಣ್ಣಿಗೆ ಬೀಳುತ್ತದೆ. ಜೈಸಲ್ಮೇರ್‌ನಲ್ಲಿ ಅದು ಇನ್ನೂ ಜಾಸ್ತಿ.

ರಾವಲ್ ಜೈಸಲ್ ಎಂಬ ಭಾಟಿ ರಜಪೂತ ದೊರೆ 1156ರಲ್ಲಿ ತ್ರಿಕೂಟ ಎನ್ನುವ ಗುಡ್ಡದ ಮೇಲೆ ಈ ಕೋಟೆ ಕಟ್ಟಿಸಲು ಶುರುಮಾಡಿದ. ಗೋಡೆಯ ಉದ್ದಕ್ಕೂ 99 ಬುರುಜುಗಳಿವೆ. ಊರಿಗೆ ವರ್ಷಕ್ಕೆ ಬೀಳುವ ಮಳೆ 200 ಮಿಲಿಮೀಟರ್ ಆಸುಪಾಸು. ಅಂಥ ಕಡೆ ನೀರಿಗೆ ಹೆದರಿ ಯಾರೂ ಮನೆ ಕಟ್ಟುವುದಿಲ್ಲ. ಹಳದಿ ಕಲ್ಲನ್ನು ಕಡಿದು, ಒಂದರೊಳಗೊಂದು ಕೂರಿಸಿ, ಬೇಕಾದ ಕಡೆ ಕಬ್ಬಿಣದ ಪಟ್ಟಿ ಹಾಕಿ, ಗಾರೆಯೇ ಇಲ್ಲದೆ ಗೋಡೆ ಎಬ್ಬಿಸಿದರು. ಮೇಲೆ ಮರದ ತೊಲೆ, ಅದರ ಮೇಲೆ ಮಣ್ಣಿನ ದಪ್ಪ ಹಾಸು. ಬಿಸಿಲಿಗೆ, ಮರಳುಗಾಳಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಗದು. ಕುಡಿಯುವ ನೀರು ಊರಾಚೆಯ ಗಡೀಸರ್ ಕೆರೆಯಿಂದ ಕೊಡದಲ್ಲಿ ಬರಬೇಕಿತ್ತು. ತಲೆಯ ಮೇಲೆ ಹೊತ್ತು ಗುಡ್ಡ ಹತ್ತಿಸಿದ ನೀರನ್ನು ಯಾರು ಚೆಲ್ಲುತ್ತಾರೆ ಹೇಳಿ? ಪಾತ್ರೆ ತೊಳೆದ ನೀರಿಗೂ ಇನ್ನೊಂದು ಉಪಯೋಗ ಇರುತ್ತಿತ್ತು. ಹೊರಗೆ ಹೋಗುವ ನೀರು ತೀರಾ ಕಡಿಮೆ. ಅಷ್ಟನ್ನು ತೆರೆದ ಚರಂಡಿಗಳು ಸಾಗಿಸುತ್ತಿದ್ದವು, ಬಿಸಿಲು ಒಣಗಿಸುತ್ತಿತ್ತು.

ಆಮೇಲೆ ನಲ್ಲಿ ಬಂತು, ಪ್ರವಾಸಿಗರು ಬಂದರು. ಮಲಗುವ ಕೋಣೆಗಳ ಮೂಲೆಯಲ್ಲಿ ಬಚ್ಚಲು, ಕಕ್ಕಸು ಕಟ್ಟಿದರು. ಶವರ್ ತೆರೆದರೆ ನಿಮಿಷಕ್ಕೆ 8ರಿಂದ 10 ಲೀಟರ್ ಹರಿಯುತ್ತದೆ. 10 ನಿಮಿಷ ನಿಂತರೆ ಒಬ್ಬರಿಗೇ 80ರಿಂದ 100 ಲೀಟರ್. ಬಕೆಟ್ ಸ್ನಾನಕ್ಕೆ 20 ಲೀಟರ್ ಸಾಕು. 10 ಕೋಣೆಯ ಗೆಸ್ಟ್ ಹೌಸ್ ತುಂಬಿದ ದಿನ ಎಷ್ಟು ನೀರು ಹೊರಗೆ ಹೋಗುತ್ತದೆ, ಲೆಕ್ಕ ಹಾಕಿ ನೋಡಿ. ಆ ನೀರು ಹೋಗುವ ಪೈಪು ಎಲ್ಲೋ ಒಂದು ಕಡೆ ಸೋರಿದರೆ ನೇರ ಗುಡ್ಡದೊಳಗೇ ಇಳಿಯುತ್ತದೆ. ಗುಡ್ಡ ಪೂರ್ತಿ ಗಟ್ಟಿ ಬಂಡೆಯೂ ಅಲ್ಲ. ಕಲ್ಲಿನ ಪದರಗಳ ನಡುವೆ ಜೇಡಿಯಂಥ ಮೆತ್ತನೆಯ ಪದರಗಳಿವೆ. ನೀರು ಕುಡಿದರೆ ಅವು ಉಬ್ಬುತ್ತವೆ, ಜಾರುತ್ತವೆ. ಮೇಲಿನ ಬುರುಜು ಬಿರುಕು ಬಿಡುತ್ತದೆ. ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 1996ರಲ್ಲೇ ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಸೇರಿಸಿತ್ತು. 2024ರ ಆಗಸ್ಟ್‌ನಲ್ಲಿ ಜೋರು ಮಳೆ ಬಂದಾಗ ಕೋಟೆ ಗೋಡೆಯ ಒಂದು ಭಾಗ ಕುಸಿದು ರಸ್ತೆಗೆ ಬಿತ್ತು.

ಹಾಗಾಗಿ ನಿಮಗೆ ಹೇಳಿದವರ ಮಾತು ನಿಜ. ಆದರೆ ಅದೇ ಮಾತನ್ನು ಹಿಡಿದುಕೊಂಡು ಕೋಟೆಯ ಗೆಸ್ಟ್ ಹೌಸ್ ನಡೆಸುವವರನ್ನು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಜೈಸಲ್ಮೇರ್ ಬದುಕಿದ್ದೇ ಒಂಟೆಗಳ ಮೇಲೆ ಸಾಗುತ್ತಿದ್ದ ವ್ಯಾಪಾರದಿಂದ. ಮುಂಬಯಿ ಬಂದರು ಬೆಳೆದಂತೆ ಆ ದಾರಿ ಸೊರಗಿತು. 1947ರಲ್ಲಿ ದೇಶ ಇಬ್ಭಾಗವಾದ ಮೇಲೆ ಸಿಂಧ್ ಕಡೆಯ ವ್ಯಾಪಾರದ ದಾರಿಯೂ ಕಡಿದುಹೋಯಿತು. ವ್ಯಾಪಾರಿ ಮನೆತನಗಳು ದೊಡ್ಡ ಊರುಗಳಿಗೆ ಹೊರಟವು. ಕೆತ್ತನೆಯ ಕಿಟಕಿಗಳಿದ್ದ ಮನೆಗಳಿಗೆ ಬೀಗ ಬಿತ್ತು. ಆ ಬೀಗಗಳಲ್ಲಿ ಎಷ್ಟೋ ಮತ್ತೆ ತೆರೆದದ್ದು ಬರುವ ಅತಿಥಿಗಳಿಂದಲೇ. ಬೀಗ ಬಿದ್ದ ಮನೆಯ ಮಾಡು ಬೇಗ ಬೀಳುತ್ತದೆ. ಒಲೆ ಉರಿಯುವ, ದಿನವೂ ಗುಡಿಸುವ ಮನೆ ಮಾತ್ರ ಉಳಿಯುತ್ತದೆ. 2013ರಲ್ಲಿ ಯುನೆಸ್ಕೊ ರಾಜಸ್ಥಾನದ 6 ಗಿರಿದುರ್ಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರಲ್ಲಿ ಜೈಸಲ್ಮೇರ್‌ಗೆ ಇಷ್ಟು ಪ್ರೀತಿ ಸಿಗುವುದೇ ಒಳಗೆ ಇನ್ನೂ ಸಾವಿರಾರು ಜನ ಬಾಳುತ್ತಿದ್ದಾರೆ ಎಂಬ ಕಾರಣಕ್ಕೆ.

ಮನೆಯವರ ಕೈಯೂ ಕಟ್ಟಿದೆ. ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ದುರಸ್ತಿಗೂ ಅನುಮತಿ ಬೇಕು. 2010ರಲ್ಲಿ ತಿದ್ದುಪಡಿಯಾದ ಕಾನೂನು ಹಾಗೆ ಹೇಳುತ್ತದೆ. ಒಳ್ಳೆಯ ಮನಸ್ಸಿದ್ದವರೂ ಒಡೆದ ಪೈಪು ಬದಲಿಸಲು ಕಚೇರಿ ಅಲೆಯಬೇಕಾಗುತ್ತದೆ. ಕಾನೂನು ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಚರಂಡಿ ದುರಸ್ತಿಯಂಥ ಕೆಲಸಕ್ಕೆ ಅನುಮತಿ ಬೇಗ ಸಿಗಬೇಕು. ಅದು ಸಿಗದ ಒಂದೊಂದು ಮಳೆಗಾಲವೂ ಕೋಟೆಗೆ ನಷ್ಟ.

ನಿಮ್ಮ ಮನಸ್ಸು ಕೋಟೆಯೊಳಗೇ ಎಂದು ಹಠ ಹಿಡಿದರೆ ಹೀಗೆ ಮಾಡಿ: ಮೂರರ ಬದಲು ಒಂದು ರಾತ್ರಿ ಇರಿ. ಕೋಣೆಗಳು ಕಡಿಮೆ ಇರುವ ಮನೆ ಆರಿಸಿ. ಸ್ನಾನದ ತೊಟ್ಟಿ ಇದೆ, ಮಾಳಿಗೆಯ ಮೇಲೆ ಈಜುಕೊಳ ಇದೆ ಎಂದು ಹೇಳಿಕೊಳ್ಳುವ ಜಾಗ ಬೇಡವೇ ಬೇಡ. ಬಕೆಟ್‌ನಲ್ಲಿ ಸ್ನಾನ ಮಾಡಿ. ದಾವಣಗೆರೆಯವರಿಗೆ ಇದನ್ನು ಕಲಿಸಬೇಕಾಗಿಲ್ಲ, ಅಲ್ವಾ? ಬಟ್ಟೆ ಒಗೆಯಲು ಅಲ್ಲಿ ಕೊಡಬೇಡಿ.

ನಿಮ್ಮ ಅತ್ತೆ ಮಾವನ ವಿಷಯಕ್ಕೆ ಬಂದರೆ ನನ್ನ ಸಲಹೆ ಇನ್ನೂ ಗಟ್ಟಿ. ಕೋಟೆಗೆ ಹೋಗುವ ದಾರಿ ನಾಲ್ಕು ಬಾಗಿಲು ದಾಟಿ ಏರುತ್ತದೆ: ಅಖೈ ಪೋಲ್, ಸೂರಜ್ ಪೋಲ್, ಗಣೇಶ್ ಪೋಲ್, ಹವಾ ಪೋಲ್. ನೆಲಕ್ಕೆ ಹಾಸಿದ ಕಲ್ಲು ಕಾಲಿಗೆ ಸವೆದು ನುಣ್ಣಗಾಗಿದೆ. ಒಳಗಿನ ಓಣಿಗಳಲ್ಲಿ ಸಾಮಾನು ಹೊತ್ತೇ ನಡೆಯಬೇಕು. ಓಣಿ ಮುಗಿದ ಮೇಲೆ ಮನೆಯ ಮೆಟ್ಟಿಲು. ಹವೇಲಿಯ ಮೆಟ್ಟಿಲು ಕಡಿದಾಗಿರುತ್ತದೆ, ಕತ್ತಲಿರುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ಎತ್ತರ. ಹಿಡಿದುಕೊಳ್ಳಲು ಹಗ್ಗವೊಂದನ್ನು ಬಿಟ್ಟರೆ ಏನೂ ಇರದ ಮನೆಗಳೂ ಇವೆ. ಬಾಗಿಲುಗಳು ತಗ್ಗು. ಮೊದಲ ದಿನ ಎಲ್ಲರೂ ಹಣೆ ಬಡಿದುಕೊಳ್ಳುತ್ತಾರೆ.

ಕೆಳಗಿನ ಊರಿನ ಹವೇಲಿಗಳಲ್ಲೂ ಮೆಟ್ಟಿಲು ಹೀಗೇ. ಆದರೆ ಬಾಗಿಲ ತನಕ ಆಟೋ ಬರುವ, ಅಥವಾ ಕೆಲವು ಹೆಜ್ಜೆ ನಡೆದರೆ ಸಾಕಾಗುವ ಮನೆಗಳು ಸಿಗುತ್ತವೆ. ಬುಕಿಂಗ್ ಮಾಡುವಾಗ ಹಿರಿಯರಿಗೆ ನೆಲಮಾಳಿಗೆಯ ಕೋಣೆಯಲ್ಲ, ನೆಲಮಟ್ಟದ ಕೋಣೆಯೇ ಬೇಕು ಎಂದು ಸ್ಪಷ್ಟವಾಗಿ ಹೇಳಿ. ಸುಮ್ನೆ 'ಗ್ರೌಂಡ್ ಫ್ಲೋರ್' ಎಂದರೆ ಸಾಲದು. ಬೀದಿಯಿಂದ ಮನೆ ಬಾಗಿಲಿಗೆ ಎಷ್ಟು ಮೆಟ್ಟಿಲು, ಬಾಗಿಲಿಂದ ಹಾಸಿಗೆಗೆ ಎಷ್ಟು, ಹಾಸಿಗೆಯಿಂದ ಬಚ್ಚಲಿಗೆ ಎಷ್ಟು, ಹೀಗೆ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ಬಚ್ಚಲು ಆಮೇಲೆ ಸೇರಿಸಿದ್ದಾದ್ದರಿಂದ ಎಷ್ಟೋ ಕಡೆ ಅದರ ನೆಲ ಕೋಣೆಗಿಂತ ಎರಡು ಮೆಟ್ಟಿಲು ಮೇಲಿರುತ್ತದೆ. ಪೈಪು ಹೋಗಲು ಜಾಗ ಬೇಕಲ್ಲ, ಅದಕ್ಕೆ. ರಾತ್ರಿ ಎದ್ದು ಹೋಗುವ ಹಿರಿಯರು ಎಡವುವುದು ಅಲ್ಲೇ. ಚಿಕ್ಕ ಟಾರ್ಚು ಒಂದು ದಿಂಬಿನ ಪಕ್ಕ ಇಟ್ಟುಕೊಳ್ಳಲಿ.

ಕೋಣೆ ಆರಿಸುವಾಗ ಇನ್ನೊಂದು ಗೊಂದಲ ಬರುತ್ತದೆ. ಫೋಟೋದಲ್ಲಿ ಎಲ್ಲರೂ ತೋರಿಸುವುದು ಝರೋಕಾ ಇರುವ ಕೋಣೆ, ಅಂದರೆ ಬೀದಿಯ ಮೇಲೆ ಚಾಚಿದ ಕೆತ್ತನೆಯ ಕಿಟಕಿ. ಚೆಂದ ನಿಜ. ಆದರೆ ಡಿಸೆಂಬರ್ ರಾತ್ರಿ ಅಲ್ಲಿ ಚಳಿ 7–8 ಡಿಗ್ರಿಗೆ ಇಳಿಯುತ್ತದೆ, ಕಲ್ಲಿನ ಜಾಲಿಯಿಂದ ಗಾಳಿ ನೇರ ಒಳಗೆ ಬರುತ್ತದೆ. ಬೀದಿಯ ಸದ್ದೂ ಬೆಳಗಿನ ಜಾವವೇ ಶುರು. ಒಳಗಿನ ಚೌಕದ ಸುತ್ತ ಇರುವ ಕೋಣೆಗಳು ಸ್ವಲ್ಪ ಕತ್ತಲು, ಆದರೆ ಬೆಚ್ಚಗೆ, ನಿಶ್ಶಬ್ದ. ನಮ್ಮ ತೊಟ್ಟಿ ಮನೆಯಲ್ಲಿ ತೊಟ್ಟಿಯ ಸುತ್ತ ಹಜಾರ ಇದ್ದ ಹಾಗೆಯೇ ಇದರ ಏರ್ಪಾಟು. ಹಿರಿಯರು ಒಳಗಿನ ಕೋಣೆಯಲ್ಲಿರಲಿ. ಝರೋಕಾ ಕೋಣೆಯನ್ನು ನಿಮ್ಮ ತಂಗಿ, ಅವರ ಯಜಮಾನರಿಗೆ ಬಿಟ್ಟುಕೊಡಿ. ದಪ್ಪ ರಜಾಯಿ ತಲೆಗೊಂದರಂತೆ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಮನೆಗಳಲ್ಲಿ ಹೀಟರ್ ಇರುವುದು ಕಡಿಮೆ.

ಒಳ್ಳೆಯ ಮನೆ ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಜೈಸಲ್ಮೇರ್‌ನಲ್ಲಿ ಹೊಸ ಹೋಟೆಲುಗಳೂ ಹಳದಿ ಕಲ್ಲು ಹಚ್ಚಿ, ಕೆತ್ತನೆ ಮಾಡಿಸಿ, 'ಹವೇಲಿ' ಎಂದು ಹೆಸರಿಟ್ಟುಕೊಳ್ಳುತ್ತವೆ. ಅದರಲ್ಲಿ ತಪ್ಪೇನಿಲ್ಲ, ಆದರೆ ನಿಮಗೆ ಬೇಕಾದದ್ದು ಅದಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 'ಹೆರಿಟೇಜ್' ಎಂಬ ದರ್ಜೆ ಕೊಡುವುದು 1950ಕ್ಕೆ ಮೊದಲು ಕಟ್ಟಿದ ಕಟ್ಟಡಕ್ಕೆ ಮಾತ್ರ. ಅದೇ ಸಚಿವಾಲಯದ ಹೋಮ್‌ಸ್ಟೇ ಯೋಜನೆಯಲ್ಲಿ ಬಾಡಿಗೆಗೆ ಕೊಡಬಹುದಾದ ಕೋಣೆ ಹೆಚ್ಚೆಂದರೆ 6, ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು. ಎಲ್ಲ ಒಳ್ಳೆಯ ಮನೆಗಳೂ ಈ ಪ್ರಮಾಣಪತ್ರ ತೆಗೆದುಕೊಂಡಿರುವುದಿಲ್ಲ. ಆದರೂ ಅಳತೆಗೋಲು ಸರಿಯಾಗಿದೆ: ಹಳೇ ಮನೆ, ಕಡಿಮೆ ಕೋಣೆ, ಜೊತೆಯಲ್ಲೇ ಇರುವ ಕುಟುಂಬ. ಫೋನ್ ಮಾಡಿ ಮಾತಾಡಿ. ಈ ಮನೆ ಯಾರು ಕಟ್ಟಿಸಿದ್ದು, ಈಗ ಯಾರು ಯಾರು ಇದ್ದಾರೆ, ಅಡುಗೆ ಯಾರು ಮಾಡುತ್ತಾರೆ ಎಂದು ಕೇಳಿ. ನಿಜವಾಗಿ ಮನೆಯವರೇ ಆಗಿದ್ದರೆ ಉತ್ತರ ಸಲೀಸಾಗಿ ಬರುತ್ತದೆ, ಅಜ್ಜನ ಕಥೆಯವರೆಗೂ ಹೋಗುತ್ತದೆ. ಗುತ್ತಿಗೆಗೆ ತೆಗೆದುಕೊಂಡು ನಡೆಸುವವರಾದರೆ ಮಾತು ದರದ ಕಡೆಗೇ ತಿರುಗುತ್ತದೆ.

ಆಮೇಲೆ ನನ್ನ ಇಷ್ಟದ ಪ್ರಶ್ನೆ: "ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?" ಕೇಳಲು ಸಂಕೋಚ ಬೇಡ. ಊರ ಒಳಚರಂಡಿಗೆ ಸೇರಿಸಿದ್ದೇವೆ, ಹೋದ ವರ್ಷ ಪೈಪು ಬದಲಿಸಿದೆವು ಎಂದು ಹೇಳುವವರು ಮನೆಯನ್ನು ಪ್ರೀತಿಸುವವರು. ಹೋದ ಮೇಲೆ ನೀವೇ ಕಣ್ಣಿಂದ ನೋಡಬಹುದು. ಗೋಡೆಯ ಬುಡದಲ್ಲಿ ಬಿಳಿ ಉಪ್ಪಿನ ಪುಡಿ ಕಾಣಿಸಿದರೆ, ಬೆರಳಿಂದ ತಿಕ್ಕಿದಾಗ ಕಲ್ಲು ಹಿಟ್ಟಿನಂತೆ ಉದುರಿದರೆ, ಆ ಗೋಡೆ ಒಳಗಿಂದ ನೀರು ಹೀರುತ್ತಿದೆ. ಅದರ ಮೇಲೆ ಸಿಮೆಂಟ್ ಬಳಿದು ಮುಚ್ಚಿದ್ದರೆ ಇನ್ನೂ ಕೆಟ್ಟದ್ದು. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ತಡೆದು ನಿಲ್ಲಿಸುತ್ತದೆ, ತೇವ ಪಕ್ಕದ ಕಲ್ಲಿಗೆ ನುಗ್ಗಿ ಅದನ್ನೂ ತಿನ್ನುತ್ತದೆ. ಉಪ್ಪು ಕಂಡ ತಕ್ಷಣ ಕೋಣೆ ಬಿಟ್ಟು ಓಡಬೇಕಿಲ್ಲ. ಮನೆಯವರಿಗೆ ಮೆಲ್ಲಗೆ ತೋರಿಸಿ. ಅತಿಥಿಗಳು ಗಮನಿಸುತ್ತಾರೆ ಎಂದು ಗೊತ್ತಾದರೆ ದುರಸ್ತಿಗೆ ಮನಸ್ಸು ಬರುತ್ತದೆ. ನಲ್ಲಿ ಸೋರುತ್ತಿದ್ದರೆ ಅದನ್ನಂತೂ ಆ ಕ್ಷಣವೇ ಹೇಳಬೇಕು.

ದರದ ಬಗ್ಗೆ ಒಂದು ಎಚ್ಚರಿಕೆ. ನಂಬಲಾಗದಷ್ಟು ಕಡಿಮೆ ಬಾಡಿಗೆಗೆ ಕೋಣೆ ಸಿಕ್ಕಿತು ಎಂದರೆ ಮನೆಯವರು ಬೇರೆ ಕಡೆಯಿಂದ ಅದನ್ನು ತುಂಬಿಕೊಳ್ಳಬೇಕು. ಜೈಸಲ್ಮೇರ್‌ನಲ್ಲಿ ಆ ಬೇರೆ ಕಡೆ ಎಂದರೆ ಒಂಟೆ ಸವಾರಿ. ಕೋಣೆಗೆ ಕಾಲಿಟ್ಟ ಗಂಟೆಯಿಂದಲೇ ಸಫಾರಿ ಯಾವಾಗ ಎಂಬ ಒತ್ತಾಯ ಶುರುವಾಗುತ್ತದೆ. ಬೇಡ ಎಂದವರ ಜೊತೆ ಮಾತೇ ನಿಂತುಹೋಗುವುದೂ ಉಂಟು. ಎಲ್ಲ ಮನೆಗಳೂ ಹೀಗಲ್ಲ. ಆದರೂ ಬುಕಿಂಗ್ ಮಾಡುವಾಗಲೇ ಒಂದು ಸಾಲು ಬರೆದುಬಿಡಿ: ಸಫಾರಿ ವಿಷಯ ಬಂದ ಮೇಲೆ ನೋಡೋಣ, ಕೋಣೆಯ ದರಕ್ಕೂ ಅದಕ್ಕೂ ಸಂಬಂಧವಿಲ್ಲ ತಾನೇ? ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಸರಿಯಾದ ಬಾಡಿಗೆ ಕೊಟ್ಟು ಇರುವುದು ಎಲ್ಲರಿಗೂ ನೆಮ್ಮದಿ. ಸಮ್ ಮರಳುದಿಬ್ಬ ಊರಿಂದ 40 ಕಿಲೋಮೀಟರ್ ಚಿಲ್ಲರೆ. ಹಿರಿಯರಿಗೆ ಒಂಟೆ ಏರಿಸುವ ಬದಲು ಜೀಪಿನಲ್ಲಿ ಸಂಜೆಗೆ ಹೋಗಿ ಬನ್ನಿ. ಡಿಸೆಂಬರ್ ಕೊನೆಯ ವಾರ ಅಲ್ಲಿ ಜನವೋ ಜನ, ದರವೂ ಏರುತ್ತದೆ. ಕೋಣೆ ಈಗಲೇ ಕಾದಿರಿಸಿ.

ಇನ್ನು ಮನೆಯೊಳಗೆ ಹೇಗಿರಬೇಕು ಎನ್ನುವುದು. ನಮ್ಮವರಿಗೆ ಇದು ಕಷ್ಟವಲ್ಲ. ನೆಂಟರ ಮನೆಯಲ್ಲಿ ಹೇಗಿರುತ್ತೇವೋ ಹಾಗಿದ್ದರೆ ಮುಕ್ಕಾಲು ಪಾಲು ಸರಿಹೋಯಿತು. ಅಡುಗೆಮನೆಗೆ ಕರೆಯದೆ ಹೋಗಬೇಡಿ. ದೇವರ ಕೋಣೆಯ ಫೋಟೋ ಕೇಳದೆ ತೆಗೆಯಬೇಡಿ. ಮನೆಯ ಹೆಣ್ಣುಮಕ್ಕಳ ಫೋಟೋ ಅಂತೂ ಬೇಡವೇ ಬೇಡ. ಹಿರಿಯ ಸೊಸೆಯಂದಿರು ಹೊರಗಿನವರ ಎದುರು ಸೆರಗು ಎಳೆದುಕೊಳ್ಳುವ ಮನೆಗಳು ಇನ್ನೂ ಇವೆ. ನಿಮ್ಮ ಅತ್ತೆಯವರು ಹರಕು ಮುರುಕು ಹಿಂದಿಯಲ್ಲಿ ಮಾತು ಶುರುಮಾಡಿದರೆ ಅವರೆಲ್ಲ ಬಂದು ಸುತ್ತ ಕೂರುತ್ತಾರೆ. ಗಂಡಸರಿಗೆ ತೆರೆಯದ ಬಾಗಿಲು ಹಿರಿಯ ಹೆಂಗಸರಿಗೆ ಬೇಗ ತೆರೆಯುತ್ತದೆ. ಹವೇಲಿಯ ಒಳಮನೆ, ಧಾನ್ಯದ ಕೋಣೆ, ಹಳೇ ಪಾತ್ರೆಗಳು ಅವರಿಗೇ ಮೊದಲು ಕಾಣುವುದು.

ಊಟ ಬೇಕಾದರೆ ಬೆಳಿಗ್ಗೆಯೇ ಹೇಳಿ. ಮನೆಯಲ್ಲಿ ಅಳತೆ ನೋಡಿ ಮಾಡುತ್ತಾರೆ, ಹೋಟೆಲಿನಂತೆ ಕೇಳಿದಾಗ ಬಂದುಬಿಡುವುದಿಲ್ಲ. ಹೇಳಿಬಿಟ್ಟು ಹೊರಗೆ ತಿಂದು ಬರುವುದು ದೊಡ್ಡ ಅವಮಾನ. ಕೇರ್ ಸಾಂಗ್ರಿ ಪಲ್ಯ ಖಂಡಿತ ಕೇಳಿ. ಕೇರ್ ಮರುಭೂಮಿಯ ಪೊದೆಯ ಕಾಯಿ, ಸಾಂಗ್ರಿ ಖೇಜ್ರಿ ಮರದ ಕೋಡು. ಎರಡನ್ನೂ ಒಣಗಿಸಿಟ್ಟು, ನೆನೆಸಿ, ಮಸಾಲೆ ಹಾಕಿ ಮಾಡುತ್ತಾರೆ. ಸಜ್ಜೆ ರೊಟ್ಟಿ ತುಪ್ಪದ ಜೊತೆ ಬಂದರೆ ನಿಮಗೆ ಊರಿನ ನೆನಪೇ ಆಗುತ್ತದೆ. ಅನ್ನ ಮಾತ್ರ ಅವರ ದಿನದ ಊಟವಲ್ಲ. ಮಾವನವರಿಗೆ ರಾತ್ರಿ ಮೊಸರನ್ನ ಬೇಕೇ ಬೇಕು ಎಂದರೆ ಮೊದಲೇ ತಿಳಿಸಿ, ಮಾಡಿಕೊಡುತ್ತಾರೆ. ಬ್ರಾಹ್ಮಣ, ಜೈನ ಮನೆಗಳಲ್ಲಿ ಮಾಂಸ, ಮದ್ಯ ಒಳಗೆ ತರುವ ಹಾಗಿಲ್ಲ. ತಂಗಿಯ ಯಜಮಾನರಿಗೆ ಇದನ್ನು ಊರು ಬಿಡುವ ಮೊದಲೇ ಹೇಳಿಡಿ.

ಅವರದೇ ಇನ್ನೊಂದು ವಿಷಯ. ವಿದೇಶಿ ಪಾಸ್‌ಪೋರ್ಟ್ ಇರುವ ಅತಿಥಿ ಬಂದರೆ ಮನೆಯವರು 24 ಗಂಟೆಯೊಳಗೆ ಅವರ ವಿವರದ ನಮೂನೆ ತುಂಬಿ ಸರ್ಕಾರಕ್ಕೆ ಕಳಿಸಬೇಕು, ಇದನ್ನು 'ಫಾರ್ಮ್ ಸಿ' ಎಂದೇ ಕರೆಯುವುದು ರೂಢಿ. ಚಿಕ್ಕ ಮನೆಗಳಲ್ಲಿ ಕೆಲವರು ಇದಕ್ಕೆ ನೋಂದಣಿ ಮಾಡಿಸಿಕೊಂಡಿರುವುದಿಲ್ಲ. ಅಂಥವರು ವಿದೇಶಿಯರನ್ನು ಇಟ್ಟುಕೊಳ್ಳುವಂತಿಲ್ಲ. ರಾತ್ರಿ ಹತ್ತಕ್ಕೆ ಬಾಗಿಲಲ್ಲಿ ನಿಂತು ಈ ಮಾತು ಕೇಳುವ ಹಾಗಾಗಬಾರದು. ಬುಕಿಂಗ್ ಮಾಡುವಾಗಲೇ ವಿದೇಶಿ ಅತಿಥಿ ಒಬ್ಬರಿದ್ದಾರೆ, ಫಾರ್ಮ್ ಸಿ ಮಾಡುತ್ತೀರಾ ಎಂದು ಕೇಳಿ. ಅವರ ಪಾಸ್‌ಪೋರ್ಟ್, ವೀಸಾದ ಪ್ರತಿ ಕೈಯಲ್ಲಿರಲಿ. ಪಾಕಿಸ್ತಾನದ ಗಡಿ ಹತ್ತಿರವಿರುವ ಜಿಲ್ಲೆ ಅದು. ಊರು, ಕೋಟೆಗೆ ಅವರು ಹೋಗಲು ತೊಂದರೆಯಿಲ್ಲ, ಗಡಿಯ ಕಡೆಯ ಜಾಗಗಳಿಗೆ ವಿದೇಶಿಯರಿಗೆ ಬೇರೆಯೇ ಅನುಮತಿ ಬೇಕಾಗುತ್ತದೆ. ಗಡಿ ಹತ್ತಿರದ ತನೋಟ್ ಮಾತೆಯ ಗುಡಿಗೆ ಹೋಗುವ ಯೋಚನೆ ಇದ್ದರೆ ಮನೆಯವರನ್ನು ಕೇಳಿಯೇ ಗಾಡಿ ಗೊತ್ತುಮಾಡಿ.

ಕೋಟೆಗೆ ಬೆಳಿಗ್ಗೆ ಬೇಗ ಹತ್ತಿ. ಒಳಗಿನ ಜೈನ ಬಸದಿಗಳನ್ನು ಪ್ರವಾಸಿಗರು ನೋಡಲು ಬೆಳಗಿನ ಹೊತ್ತೇ ಸರಿ, ಮಧ್ಯಾಹ್ನದ ಮೇಲೆ ಹೋದರೆ ಬಾಗಿಲು ಹಾಕಿರಬಹುದು. ಹಿರಿಯರನ್ನು ಆಟೋದಲ್ಲಿ ಕೋಟೆಯೊಳಗಿನ ದಶಹರಾ ಚೌಕದ ತನಕ ಕರೆದೊಯ್ಯಬಹುದೇ ಎಂದು ಆ ದಿನ ಬೆಳಿಗ್ಗೆ ಮನೆಯವರನ್ನೇ ಕೇಳಿ. ಜನ ಹೆಚ್ಚಿರುವ ದಿನ ಗಾಡಿ ಬಿಡದೆ ಇರಬಹುದು. ಪಟವರ ಹವೇಲಿ, ನಾಥಮಲ್ ಹವೇಲಿ ಎರಡೂ ಕೆಳಗಿನ ಊರಿನಲ್ಲೇ ಇವೆ. ಆ ಓಣಿಗಳ ಸುತ್ತಮುತ್ತ ಮನೆ ಹುಡುಕಿದರೆ ಸಂಜೆ ಮಾಳಿಗೆ ಮೇಲಿಂದ ಇಡೀ ಕೋಟೆ ಕಾಣುತ್ತದೆ. ಒಳಗೇ ಉಳಿದವರಿಗೆ ಆ ನೋಟ ಸಿಗುವುದಿಲ್ಲ.